ಅನ್ನಪಾನನಿರೋಧ ಮತ್ತು ಮರುಭೂಮಿಯ ಬಾವಲಿ

ಗೃಹಸ್ಥನು ಕೈಗೊಳ್ಳುವ ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಅದರ ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಕೊನೆಯದಾಗಿ ಅದಕ್ಕೆ ಹೊತ್ತಿಗೆ ಸರಿಯಾಗಿ ಆಹಾರ ನೀರು ದೊರೆಯದಂತೆ ಮಾಡುವುದು. ಮೊದಲ ನಾಲ್ಕರಲ್ಲಿ ಕೈ ಏನನ್ನಾದರೂ ಮಾಡುತ್ತದೆ. ಐದನೆಯದರಲ್ಲಿ ಎಷ್ಟೋ ವೇಳೆ ಕೈ ಸುಮ್ಮನಿರುತ್ತದೆ, ಹಿಂಸೆ ಮಾತ್ರ ನಡೆದುಹೋಗುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಹುಲ್ಲು ಹಾಕಲು ಮರೆತು ಪಯಣ ಹೊರಟವನು ಆ ದಿನ ಹಸುವನ್ನು ಮುಟ್ಟಿಯೂ ಇರುವುದಿಲ್ಲ. ಆದರೂ ಅದರ ಹಸಿವು ಅವನ ವ್ರತಕ್ಕೆ ಕಲೆಯಾಗಿ ಅಂಟಿಕೊಳ್ಳುತ್ತದೆ.

ಈ ಅತಿಚಾರವನ್ನು ವಿವರಿಸುವಾಗ ಸಾಮಾನ್ಯವಾಗಿ ಎತ್ತು, ಹಸು, ಮನೆಯ ಆಳುಕಾಳುಗಳ ಉದಾಹರಣೆ ಬರುತ್ತದೆ. ಅದು ಸಹಜವೇ. ಕಟ್ಟಿದವನೇ ಉಣಿಸಬೇಕು, ಹಗ್ಗ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಂದೂ ಕಟ್ಟಿಹಾಕದ, ಕಣ್ಣಿನಿಂದ ಕಂಡೇ ಇರದ ಒಂದು ಜೀವಿಯ ಆಹಾರವು ತನ್ನ ಊಟದ ಕಾರಣದಿಂದ ತಪ್ಪಿಹೋದರೆ, ಅದೂ ಅನ್ನಪಾನನಿರೋಧವೇ? ಹಗ್ಗವಿಲ್ಲದ ಕಡೆಯಲ್ಲೂ ಹೊಣೆ ಉಂಟೆ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಲೋಕದಲ್ಲಿ ನಡೆಯುತ್ತಿರುವ ಒಂದು ನಿಜವಾದ ಸಂಗತಿಯನ್ನು ಎದುರಿಗಿಟ್ಟುಕೊಂಡು ಯೋಚಿಸುವುದು ಹೆಚ್ಚು ಫಲಕಾರಿ. ಅಂತಹ ಸಂಗತಿಯೊಂದು ಉತ್ತರ ಅಮೆರಿಕದ ಸೊನೋರಾ ಮರುಭೂಮಿಯಲ್ಲಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ಮತ್ತು ಅದಕ್ಕೆ ತಾಗಿದ ಮೆಕ್ಸಿಕೊ ದೇಶದ ಸೊನೋರಾ ಪ್ರಾಂತಗಳಲ್ಲಿ ಹರಡಿರುವ ಈ ಮರುಭೂಮಿಯಲ್ಲಿ ಸಗುವಾರೊ ಎಂಬ ಕಂಬಗಳ್ಳಿ ಬೆಳೆಯುತ್ತದೆ. ಇದು ಮಾನಸ್ತಂಭದಂತೆ ನೆಟ್ಟಗೆ ಏರಿ ನಲವತ್ತು ಅಡಿಗಳಿಗೂ ಮಿಕ್ಕಿ ನಿಲ್ಲಬಲ್ಲುದು. ನೂರೈವತ್ತು ವರ್ಷ ಬಾಳಬಲ್ಲುದು. ಮೊದಲ ಹೂವು ಬಿಡಲು ಅದಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅದರ ತುದಿಯಲ್ಲಿ ಬಿಳಿಯ ದೊಡ್ಡ ಹೂಗಳು ಸೂರ್ಯಾಸ್ತದ ನಂತರ ಅರಳುತ್ತವೆ, ಮರುದಿನ ಮಧ್ಯಾಹ್ನದ ಬಿಸಿಲಿಗೆ ಮುಚ್ಚಿಕೊಳ್ಳುತ್ತವೆ. ಒಂದು ಹೂವಿನ ಬಾಳು ಒಂದು ಅಹೋರಾತ್ರಿಗಿಂತಲೂ ಕಡಿಮೆ. ಸಗುವಾರೊ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಬೇರೊಂದು ಗಿಡದ ಪರಾಗ ಅದೇ ರಾತ್ರಿ ಅಥವಾ ಮರುಬೆಳಗ್ಗೆ ಬಂದು ತಲುಪಬೇಕು. ನಿಂತಲ್ಲೇ ನಿಲ್ಲುವ ಏಕೇಂದ್ರಿಯ ಜೀವಕ್ಕೆ ಇದು ಅನ್ಯರ ನೆರವಿಲ್ಲದೆ ಸಾಧ್ಯವಾಗದ ಕಾರ್ಯ.

ಆ ನೆರವನ್ನು ತರುವವರಲ್ಲಿ ಉದ್ದಮೂತಿಯ ಚಿಕ್ಕ ಬಾವಲಿ ಮುಖ್ಯವಾದುದು. ಪ್ರಾಚೀನ ಆಗಮಗಳ ಜೀವವಿಭಾಗದಲ್ಲಿ ಬಾವಲಿಗೆ ಚರ್ಮಪಕ್ಷಿಗಳ ಸಾಲಿನಲ್ಲಿ ಸ್ಥಾನ. ಗರಿಯಿಲ್ಲದೆ ಚರ್ಮದ ರೆಕ್ಕೆಯಿಂದ ಹಾರುವ ಪಂಚೇಂದ್ರಿಯ ಜೀವಿ ಅದು. ಇಂದಿನ ಪ್ರಾಣಿಶಾಸ್ತ್ರವು ಅದನ್ನು ಮರಿಗೆ ಹಾಲೂಡುವ ಸಸ್ತನಿಗಳ ಗುಂಪಿಗೆ ಸೇರಿಸುತ್ತದೆ. ಸೊನೋರಾದ ಈ ಬಾವಲಿಯ ತೂಕ ಸುಮಾರು 20ರಿಂದ 25 ಗ್ರಾಂ. ಅದರ ನಾಲಗೆ ಉದ್ದವಾಗಿದ್ದು, ತುದಿಯಲ್ಲಿ ಕುಂಚದಂತಹ ಎಳೆಗಳಿವೆ. ವಸಂತದಲ್ಲಿ ಗರ್ಭಿಣಿಯರಾದ ಹೆಣ್ಣು ಬಾವಲಿಗಳು ಮೆಕ್ಸಿಕೊದ ಮಧ್ಯ ಮತ್ತು ದಕ್ಷಿಣ ಭಾಗಗಳಿಂದ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರವನ್ನು ಹಾರಿ ಉತ್ತರಕ್ಕೆ ಬರುತ್ತವೆ. ದಾರಿಯುದ್ದಕ್ಕೂ ಒಂದಾದ ಮೇಲೊಂದು ಜಾತಿಯ ಕಂಬಗಳ್ಳಿಗಳು ಅರಳುತ್ತಾ ಹೋಗುತ್ತವೆ. ಬಾವಲಿಗಳು ಆ ಹೂವಿನ ಸಾಲನ್ನೇ ಹಿಡಿದು ಸಾಗುತ್ತವೆ. ಸೊನೋರಾದ ಪಿನಕಾತೆ ಪ್ರದೇಶದ ಒಂದು ಗುಹೆಯಲ್ಲಿ ಲಕ್ಷಕ್ಕೂ ಹೆಚ್ಚು ತಾಯಂದಿರು ಒಟ್ಟಾಗಿ ಹೆರಿಗೆಗೆ ನೆಲೆಸುತ್ತಾರೆ. ಒಂದು ತಾಯಿಗೆ ವರ್ಷಕ್ಕೆ ಒಂದೇ ಮರಿ.

ರಾತ್ರಿಯಾದೊಡನೆ ಅವು ಹತ್ತಾರು ಕಿಲೋಮೀಟರು ಹಾರಿ ಹೂಗಳನ್ನು ಅರಸುತ್ತವೆ. ಮಕರಂದಕ್ಕಾಗಿ ಮುಖವನ್ನು ಹೂವಿನೊಳಗೆ ಅದ್ದಿದಾಗ ತಲೆ ಕುತ್ತಿಗೆಗಳಿಗೆಲ್ಲ ಪರಾಗ ಮೆತ್ತಿಕೊಳ್ಳುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋದಂತೆ ಆ ಪರಾಗವೂ ಹೋಗುತ್ತದೆ. ಮೈಯನ್ನು ನೆಕ್ಕಿಕೊಳ್ಳುವಾಗ ಉಳಿದ ಪರಾಗ ಹೊಟ್ಟೆಗೆ ಸೇರಿ ಹಾಲೂಡುವ ತಾಯಿಗೆ ಪುಷ್ಟಿಯಾಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಹಣ್ಣು ಮಾಗುತ್ತದೆ. ಬಾವಲಿ ಅದರ ತಿರುಳನ್ನು ತಿಂದು ಬೀಜಗಳನ್ನು ದೂರದಲ್ಲಿ ಉದುರಿಸುತ್ತದೆ. ಮಳೆ ಬರುವ ವೇಳೆಗೆ ಬೀಜ ನೆಲದಲ್ಲಿರುತ್ತದೆ. ಹಗಲಿನಲ್ಲಿ ಜೇನುಹುಳುಗಳೂ ಬಿಳಿರೆಕ್ಕೆಯ ಪಾರಿವಾಳಗಳೂ ಇದೇ ಹೂವಿಗೆ ಬರುವುದರಿಂದ ಸಗುವಾರೊ ಬಾವಲಿಯೊಂದನ್ನೇ ನಂಬಿಲ್ಲ. ದಕ್ಷಿಣಕ್ಕೆ ಹೋದಂತೆ, ಮೆಕ್ಸಿಕೊದ ತೆಹುಆಕಾನ್ ಕಣಿವೆಯಲ್ಲಿ, ಹೆಚ್ಚು ಕಡಿಮೆ ಬಾವಲಿಯಿಂದಲೇ ಕಾಯಿ ಕಟ್ಟುವ ಕಂಬಗಳ್ಳಿಗಳಿವೆ.

ಜೈನ ಓದುಗನಿಗೆ ಇಲ್ಲಿ ಒಂದು ಪರಿಚಿತ ಚಿತ್ರ ನೆನಪಾಗದಿರದು. ಮುನಿಗಳ ಆಹಾರಚರ್ಯೆಗೆ ಶಾಸ್ತ್ರವು ಕೊಟ್ಟಿರುವ ಹೆಸರುಗಳಲ್ಲಿ ಭ್ರಾಮರೀವೃತ್ತಿ ಎಂಬುದೊಂದು. ಹೂವಿಗೆ ನೋವಾಗದಂತೆ ದುಂಬಿ ಮಧುವನ್ನು ಸ್ವೀಕರಿಸುವ ಹಾಗೆ, ದಾತೃವಿಗೆ ಭಾರವಾಗದಂತೆ ಮುನಿಯು ಆಹಾರವನ್ನು ಸ್ವೀಕರಿಸಬೇಕು. ಬಾವಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಂತೆ ಕಾಣುತ್ತದೆ. ಅದು ಹೂವನ್ನು ಕೆಡಿಸದೆ ಉಣ್ಣುವುದಷ್ಟೇ ಅಲ್ಲದೆ, ಉಂಡ ಮನೆಗೆ ಸಂತಾನವನ್ನೂ ಕೊಟ್ಟು ಹೋಗುತ್ತದೆ.

ಆದರೆ ಬಾವಲಿಯನ್ನು ದಾನಿ ಎನ್ನಲಾಗದು. ಅದಕ್ಕೆ ಬೇಕಾದುದು ಮಕರಂದ. ಗಿಡದ ಸಂತಾನದ ಚಿಂತೆ ಅದಕ್ಕಿಲ್ಲ. ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರು ಕಂಡು 2013ರಲ್ಲಿ ಪ್ರಕಟಿಸಿದ ಸಂಗತಿ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಲ್ಲಿ ಚೇಳು, ಕೀಟಗಳನ್ನು ಹಿಡಿದು ತಿನ್ನುವ ಮಾಸಲುಬಣ್ಣದ ಬೇರೊಂದು ಬಾವಲಿಯೂ ಕಂಬಗಳ್ಳಿಯ ಹೂವಿಗೆ ಬಾಯಿ ಹಾಕುತ್ತದೆ. ಅದರ ನಾಲಗೆ ಮಕರಂದ ಹೀರಲು ರೂಪುಗೊಂಡದ್ದಲ್ಲ. ಆದ್ದರಿಂದ ತಲೆಯನ್ನೇ ಹೂವಿನೊಳಗೆ ತುರುಕುತ್ತದೆ. ಫಲವಾಗಿ, ಒಂದು ಭೇಟಿಯಲ್ಲಿ ಅದು ಮುಟ್ಟಿಸುವ ಪರಾಗ ಮಕರಂದವನ್ನೇ ನಂಬಿದ ಬಾವಲಿ ಮುಟ್ಟಿಸುವುದಕ್ಕಿಂತ ಹೆಚ್ಚು. ಬೇಟೆಗಾರನ ಅನಾಡಿತನವೇ ಗಿಡಕ್ಕೆ ಹೆಚ್ಚಿನ ಉಪಕಾರವಾಯಿತು. ಇಲ್ಲಿ ಶುಭಭಾವವನ್ನು ಹುಡುಕುವುದು ವ್ಯರ್ಥ.

ಹಾಗಾದರೆ ಭಾವವಿಲ್ಲದ ಉಪಕಾರ ಉಪಕಾರವೇ? ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಓದಿದವರಿಗೆ ಇದರ ಉತ್ತರ ಕಷ್ಟವಲ್ಲ. ಅಲ್ಲಿ ಗತಿಗೆ ನೆರವಾಗುವುದು ಧರ್ಮದ್ರವ್ಯದ ಉಪಕಾರವೆಂದೂ, ಸ್ಥಿತಿಗೆ ನೆರವಾಗುವುದು ಅಧರ್ಮದ್ರವ್ಯದ ಉಪಕಾರವೆಂದೂ ಹೇಳಿದೆ. ಆ ದ್ರವ್ಯಗಳಿಗೆ ಚೈತನ್ಯವೇ ಇಲ್ಲ. ಇನ್ನು ಉದ್ದೇಶವೆಲ್ಲಿಂದ ಬರಬೇಕು? ಮೀನಿನ ಚಲನೆಗೆ ನೀರು ಹೇಗೋ ಹಾಗೆ ಅವು ನಿಮಿತ್ತವಾಗುತ್ತವೆ. ಅದೇ ಪ್ರಕರಣದಲ್ಲಿ ಮುಂದೆ ಜೀವಗಳು ಪರಸ್ಪರ ನಿಮಿತ್ತವಾಗುವುದನ್ನು ಜೀವದ ಉಪಕಾರವೆಂದು ಹೇಳಲಾಗಿದೆ. ಆದುದರಿಂದ ಉಪಕಾರವೆಂಬುದು ಲೋಕದ ಒಂದು ವಾಸ್ತವ. ಪುಣ್ಯವೆಂಬುದು ಭಾವದ ಫಲ. ಬಾವಲಿಯಿಂದ ಕಳ್ಳಿಗೆ ಉಪಕಾರವಾಗುತ್ತದೆ ಎನ್ನಲು ಬಾವಲಿಗೆ ಪುಣ್ಯ ಬಂತೆಂದು ಹೇಳಬೇಕಾಗಿಲ್ಲ.

ಇದೇ ಮಾತನ್ನು ತಿರುಗಿಸಿ ನೋಡಿದರೆ ತೊಡಕು ಮನುಷ್ಯನ ಬಾಗಿಲಿಗೆ ಬರುತ್ತದೆ. ಅರಿವಿಲ್ಲದೆ ಉಪಕಾರವಾಗುವಂತೆ ಅರಿವಿಲ್ಲದೆ ಅಪಕಾರವೂ ಆಗುತ್ತದೆ. ಆ ಅಪಕಾರದ ಲೆಕ್ಕ ಯಾರದು?

ಸೊನೋರಾದಲ್ಲಿ ಕಳ್ಳಿಹೂವಿನ ಕಾಲ ಮುಗಿದ ಮೇಲೆ ಬಾವಲಿಗಳು ಮುಖ್ಯವಾಗಿ ಕತ್ತಾಳೆಯ ಹೂವನ್ನು ಅವಲಂಬಿಸುತ್ತವೆ. ಕನ್ನಡ ನಾಡಿನ ಹೊಲದ ಬೇಲಿಗಳಲ್ಲಿ, ರಸ್ತೆಯ ಬದಿಗಳಲ್ಲಿ ಕಾಣುವ, ಹಗ್ಗದ ನಾರಿಗಾಗಿ ಹೆಸರಾದ ಕತ್ತಾಳೆಯ ಮೂಲಸ್ಥಾನ ಅಮೆರಿಕವೇ. ಈ ಗಿಡ ಹಲವು ವರ್ಷ ಎಲೆಗಳ ನಡುವಿನ ದಿಂಡಿನಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ಬಾಳಿನಲ್ಲಿ ಒಂದೇ ಸಲ ಕಂಬದಂತಹ ಹೂಗೊನೆಯನ್ನು ಎತ್ತಿ, ಕೂಡಿಟ್ಟದ್ದನ್ನೆಲ್ಲ ಮಕರಂದವಾಗಿ, ಬೀಜವಾಗಿ ಹಂಚಿ ಒಣಗಿಹೋಗುತ್ತದೆ.

ಮೆಕ್ಸಿಕೊದ ಹಲಿಸ್ಕೊ ಪ್ರಾಂತದ ನೀಲಿ ಕತ್ತಾಳೆಯಿಂದ ಟಕೀಲಾ ಎಂಬ ಮದ್ಯ ತಯಾರಾಗುತ್ತದೆ. ಹೂಗೊನೆ ಎದ್ದರೆ ದಿಂಡಿನ ಸಕ್ಕರೆಯೆಲ್ಲ ಅದಕ್ಕೆ ಹರಿದುಹೋಗುವುದರಿಂದ ಬೆಳೆಗಾರನು ಗೊನೆ ಮೂಡುವ ಮುನ್ನವೇ ಗಿಡವನ್ನು ಕಡಿಯುತ್ತಾನೆ, ಅಥವಾ ಮೂಡುತ್ತಿರುವ ಗೊನೆಯನ್ನು ಕತ್ತರಿಸಿ ಸಕ್ಕರೆಯನ್ನು ದಿಂಡಿನಲ್ಲೇ ಉಳಿಸಿಕೊಳ್ಳುತ್ತಾನೆ. ಹೊಸ ಗಿಡಗಳನ್ನು ಬೀಜದಿಂದಲ್ಲದೆ ಬುಡದ ಕಂದುಗಳಿಂದ ಬೆಳೆಸಲಾಗುತ್ತದೆ. ಹೀಗೆ ಎಕರೆಗಟ್ಟಲೆ ಕತ್ತಾಳೆ ಹೂ ಕಾಣದೆಯೇ ಕಟಾವಾಗುತ್ತದೆ. ಕಂದಿನಿಂದ ಕಂದಿಗೆ ಒಂದೇ ತಳಿಯ ಪ್ರತಿರೂಪಗಳಾಗಿ ಬಂದ ಆ ಹೊಲಗಳಿಗೆ 1990ರ ದಶಕದ ಕೊನೆಯಲ್ಲಿ ಕೊಳೆರೋಗ ತಗುಲಿ ವ್ಯಾಪಕ ಹಾನಿಯಾಯಿತು. ಬಾವಲಿಯ ಆಹಾರ ತಪ್ಪಿದಲ್ಲಿ ಗಿಡದ ಬಲವೂ ಕುಂದಿತ್ತು.

ಬಾವಲಿಯ ಕಷ್ಟಕ್ಕೆ ಇದೊಂದೇ ಕಾರಣವೆಂದು ಹೇಳುವುದು ಸತ್ಯಾಣುವ್ರತಕ್ಕೆ ಸಲ್ಲದು. ದನಗಳ ರಕ್ತ ಹೀರುವ ಬೇರೊಂದು ಜಾತಿಯ ಬಾವಲಿಯ ಮೇಲಿನ ಕೋಪದಿಂದ ಮೆಕ್ಸಿಕೊದ ಜನ ಗುಹೆಗಳಿಗೆ ಬೆಂಕಿಯಿಟ್ಟು, ಸಿಡಿಮದ್ದಿಟ್ಟು ನಿರಪರಾಧಿ ಜಾತಿಗಳನ್ನೂ ಕೊಂದದ್ದುಂಟು. 1988ರಲ್ಲಿ ಅಮೆರಿಕ ಸರ್ಕಾರ ಈ ಉದ್ದಮೂತಿಯ ಬಾವಲಿಯನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಿತು. ಆಗ ಬಲ್ಲ 14 ನೆಲೆಗಳಲ್ಲಿ ಲೆಕ್ಕಕ್ಕೆ ಸಿಕ್ಕವು ಒಂದು ಸಾವಿರಕ್ಕಿಂತ ಕಡಿಮೆ.

ಇಷ್ಟನ್ನು ಓದಿದ ಶ್ರಾವಕನು ಸಮಾಧಾನದ ಉಸಿರು ಬಿಡಬಹುದು. ಮದ್ಯವು ಮೂಲಗುಣಗಳಲ್ಲೇ ತ್ಯಾಜ್ಯ. ಟಕೀಲಾದ ಪಾಪ ಕುಡಿಯುವವರ ಪಾಲಿಗಿರಲಿ ಎಂದು ಪತ್ರಿಕೆಯನ್ನು ಮಡಿಸಿಡಬಹುದು. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅದೇ ಕತ್ತಾಳೆಯ ದಿಂಡಿನಿಂದ ಅಗೇವ್ ಪಾಕವೆಂಬ ಸಿಹಿದ್ರವವೂ ತಯಾರಾಗುತ್ತದೆ. ಅದಕ್ಕೂ ಗಿಡವನ್ನು ಹೂ ಬಿಡುವ ಮುನ್ನ ಕಡಿಯಬೇಕು. ಅಮೆರಿಕ, ಯೂರೋಪುಗಳ ಅಂಗಡಿಗಳಲ್ಲಿ ಇದು ಜೇನಿಗೆ ಬದಲಿಯಾಗಿ, ಪ್ರಾಣಿಹಿಂಸೆಯಿಲ್ಲದ ಸಿಹಿಯೆಂದು ಮಾರಾಟವಾಗುತ್ತದೆ. ಮಧುತ್ಯಾಗದ ನಿಯಮವನ್ನು ಪರದೇಶದಲ್ಲೂ ಶ್ರದ್ಧೆಯಿಂದ ಪಾಲಿಸುವ ಕುಟುಂಬಕ್ಕೆ ಇಂತಹ ಸೀಸೆ ಸಹಜವಾಗಿಯೇ ನಿರ್ದೋಷವೆಂದು ತೋರುತ್ತದೆ. ಜೇನು ಬೇಡವೆಂದದ್ದು ನೊಣದ ಜೀವಕ್ಕಾಗಿ, ಅದರ ಗೂಡಿಗಾಗಿ, ಅದು ಕೂಡಿಟ್ಟ ಆಹಾರಕ್ಕಾಗಿ. ಬದಲಿಗೆ ಬಂದ ಸಿಹಿಯೋ, ಬಾವಲಿಯ ಬಾಯಿಗೆ ಮಕರಂದವಾಗಿ ಹೋಗಬೇಕಾಗಿದ್ದ ಸಕ್ಕರೆಯೇ.

ಎರಡೂ ಸಮಾನವೆಂದು ಹೇಳಲಾಗದು. ಜೇನು ಹಿಂಡುವಲ್ಲಿ ಜೀವಿಗಳು ಕೈಯಲ್ಲೇ ಸಾಯುತ್ತವೆ. ಕತ್ತಾಳೆಯ ಪಾಕದಲ್ಲಿ ಬಾವಲಿಯ ರಕ್ತ ಬೀಳುವುದಿಲ್ಲ. ಬೆಳೆಗಾರನ ಪಕ್ಷವನ್ನೂ ಕೇಳಬೇಕು. ಅವನು ನೆಟ್ಟ ಗಿಡ, ಅವನ ನೆಲ. ಆರೇಳು ವರ್ಷ ಕಾದು ಒಂದೇ ಸಲ ಬರುವ ಫಸಲು. ಹೂ ಬಿಟ್ಟರೂ ಗಿಡ ಸಾಯುವುದೇ ತಾನೆ ಎಂದು ಅವನು ಕೇಳಬಹುದು. ಹೌದು, ಗಿಡದ ಆಯುಷ್ಯ ಎರಡು ರೀತಿಯಲ್ಲೂ ಮುಗಿಯುತ್ತದೆ. ಆದರೆ ಒಂದರಲ್ಲಿ ಅದು ಹಂಚಿ ಮುಗಿಯುತ್ತದೆ, ಇನ್ನೊಂದರಲ್ಲಿ ಹಂಚುವ ಮುನ್ನವೇ ಮುಗಿಯುತ್ತದೆ. ಕೊಡುವವನಿಗೂ ಪಡೆಯುವವನಿಗೂ ನಡುವೆ ನಿಂತು ತಡೆಯುವುದಕ್ಕೆ ಕರ್ಮಸಿದ್ಧಾಂತದಲ್ಲಿ ವಿಘ್ನಕರಣವೆಂದು ಹೆಸರಿದೆ. ಅದನ್ನು ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳಿದೆ. ಗಿಡವು ಭಾವಪೂರ್ವಕ ದಾನಿಯಲ್ಲ, ನಿಜ. ಆದರೂ ತಡೆದದ್ದರ ರೂಪ ಅದೇ.

ಇಲ್ಲಿಗೆ ಮೊದಲ ಪ್ರಶ್ನೆ ತನ್ನ ಪೂರ್ಣ ತೂಕದೊಡನೆ ಮರಳುತ್ತದೆ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಕುಳಿತು ಒಂದು ಚಮಚ ಪಾಕವನ್ನು ಹಾಲಿಗೆ ಬೆರೆಸಿದವನು ಬಾವಲಿಯನ್ನು ಉಪವಾಸ ಕೆಡವಿದನೇ?

ಶಾಸ್ತ್ರದ ಪ್ರಕಾರ ಹಿಂಸೆಯೆಂದರೆ ಪ್ರಮಾದದಿಂದ ಕೂಡಿದ ಯೋಗದ ಮೂಲಕ ಆಗುವ ಪ್ರಾಣಘಾತ. ಈರ್ಯಾಸಮಿತಿಯಿಂದ ನೆಲವನ್ನು ನೋಡುತ್ತಾ ನಡೆಯುವ ಮುನಿಯ ಪಾದದಡಿಗೆ ಹಠಾತ್ತನೆ ಹುಳುವೊಂದು ಬಂದು ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆದವನ ಕಾಲಡಿಗೆ ಯಾವ ಹುಳುವೂ ಸಿಗದೆ ಹೋದರೂ ಅವನು ಹಿಂಸಕನೇ. ಈ ನಿರ್ಣಯವನ್ನು ಅನೇಕರು ಸಮಾಧಾನಕ್ಕಾಗಿ ಬಳಸುವುದುಂಟು: ಗೊತ್ತಿರಲಿಲ್ಲ, ಆದ್ದರಿಂದ ದೋಷವಿಲ್ಲ. ಆದರೆ ಮುನಿಗೆ ದೋಷವಿಲ್ಲದ್ದು ಆತನಿಗೆ ಗೊತ್ತಿರಲಿಲ್ಲ ಎಂಬುದಕ್ಕಲ್ಲ. ಆತ ನೋಡುತ್ತಿದ್ದ ಎಂಬುದಕ್ಕೆ. ಅಜ್ಞಾನ ಕ್ಷಮೆಗೆ ಅರ್ಹವಾಗುವುದು ನೋಡುವ ಪ್ರಯತ್ನ ಜೊತೆಗಿದ್ದಾಗ ಮಾತ್ರ.

ಹಿಂದಿನ ಗೃಹಸ್ಥನಿಗೆ ನೋಡಬೇಕಾದ ನೆಲ ಅವನ ಕೊಟ್ಟಿಗೆ, ಹೊಲ, ಅಡುಗೆಮನೆ. ಆಹಾರ ಬರುತ್ತಿದ್ದುದು ಅಲ್ಲಿಂದಲೇ. ಆದ್ದರಿಂದ ಅನ್ನಪಾನನಿರೋಧದ ಉದಾಹರಣೆಯೂ ಕಟ್ಟಿದ ಪಶುವಿನದಾಯಿತು. ಇಂದಿನ ಗೃಹಸ್ಥನ ಊಟ ಬರುವ ದಾರಿ ಸಮುದ್ರಗಳನ್ನು ದಾಟಿದೆ. ದಾರಿ ಉದ್ದವಾದಂತೆ ನೋಡಬೇಕಾದ ನೆಲವೂ ಉದ್ದವಾಯಿತು. ಹಗ್ಗ ಕಾಣುವುದಿಲ್ಲ, ಆದರೆ ಪ್ರಾಣಿಯ ಆಹಾರವನ್ನು ಕೊಂಡು ತಂದ ಕ್ಷಣದಲ್ಲಿ ಅದರ ಹಗ್ಗದ ಒಂದು ತುದಿ ಕೊಂಡವನ ಕೈಗೆ ಬಂದಿರುತ್ತದೆ. ತಿಳಿಯುವ ಮುನ್ನ ಆದದ್ದು ದ್ರವ್ಯರೂಪದ ಅಪಕಾರ ಮಾತ್ರ. ತಿಳಿದ ಮೇಲೂ ವಿಚಾರಿಸದೆ ಮುಂದುವರಿದರೆ ಅಲ್ಲಿ ಪ್ರಮಾದ ಸೇರುತ್ತದೆ. ಅನ್ನಪಾನನಿರೋಧವೆಂಬ ಹೆಸರು ಆಗ ಅದಕ್ಕೆ ಸಲ್ಲುತ್ತದೆ.

ಹಾಗೆಂದು ಅಣುವ್ರತಿಯಿಂದ ಮಹಾವ್ರತವನ್ನು ಕೇಳುವಂತಿಲ್ಲ. ಯಾವ ಊಟವೂ ಯಾವುದೋ ಜೀವಿಯ ಪಾಲನ್ನು ತಗ್ಗಿಸದೆ ತಟ್ಟೆಗೆ ಬರುವುದಿಲ್ಲ. ಗೃಹಸ್ಥನಿಗೆ ಸಾಧ್ಯವಾದದ್ದು ಪರಿಮಾಣ: ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ಬಿಡಬೇಕು ಎಂಬ ಎಣಿಕೆ. ಸೊನೋರಾದ ಮುಂದಿನ ಕಥೆ ಇದಕ್ಕೆ ಸಾಕ್ಷಿ. ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿ ರೋಡ್ರಿಗೊ ಮೆಡೆಯಿನ್ ದಶಕಗಳ ಕಾಲ ಗುಹೆಗಳ ರಕ್ಷಣೆಗೂ ಹಳ್ಳಿಗರ ತಿಳಿವಳಿಕೆಗೂ ಶ್ರಮಿಸಿದರು. 2010ರ ದಶಕದಲ್ಲಿ ಅವರು ಬೆಳೆಗಾರರ ಮುಂದಿಟ್ಟ ಬೇಡಿಕೆ ದೊಡ್ಡದಾಗಿರಲಿಲ್ಲ: ಹೊಲದ ಕತ್ತಾಳೆಗಳಲ್ಲಿ ನೂರಕ್ಕೆ 5ನ್ನು ಹೂ ಬಿಡಲು ಬಿಡಿ. ಕೆಲವರು ಒಪ್ಪಿದರು. ಬಿಟ್ಟ ಗಿಡಗಳಿಂದ ಬಾವಲಿಗೆ ಊಟ, ಬೆಳೆಗಾರನಿಗೆ ಕಂದಿನಿಂದ ದೊರೆಯದ ಹೊಸ ಬೀಜ.

ದಕ್ಷಿಣ ಅರಿಜೋನಾದ ಗೃಹಸ್ಥರು, ಝೇಂಕಾರದ ಪುಟ್ಟ ಹಕ್ಕಿಗಳಿಗೆಂದು ಅಂಗಳದಲ್ಲಿ ತೂಗಿಸಿದ ಸಕ್ಕರೆ ನೀರಿನ ಬಟ್ಟಲು ಬೆಳಗಾಗುವಷ್ಟರಲ್ಲಿ ಬರಿದಾಗುವುದನ್ನು ಕಂಡರು. ಬರಿದು ಮಾಡುತ್ತಿದ್ದುದು ಬಾವಲಿಗಳು. ಅವರು ಬಟ್ಟಲನ್ನು ಒಳಗಿಡದೆ, ರಾತ್ರಿಯ ಅತಿಥಿಗಳ ಲೆಕ್ಕ ಬರೆದು ವರ್ಷಗಳ ಕಾಲ ವಿಜ್ಞಾನಿಗಳಿಗೆ ಒದಗಿಸಿದರು. ಆ ಮರುಭೂಮಿಯ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನ ಸಗುವಾರೊವನ್ನು ಮನುಷ್ಯರ ಸಮಾನವಾಗಿ ಕಾಣುತ್ತಾರೆ. ಹಣ್ಣು ಕೊಯ್ದ ಮೇಲೆ ಅದರ ಸಿಪ್ಪೆಯ ಕೆಂಪು ಒಳಮೈಯನ್ನು ಆಕಾಶಕ್ಕೆ ಮುಖಮಾಡಿ ನೆಲದಲ್ಲಿಟ್ಟು ಮಳೆಯನ್ನು ಕೋರುತ್ತಾರೆ. ಗಿಡದಿಂದ ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಸಲ್ಲಬೇಕೆಂಬ ಭಾವ ಅಲ್ಲಿದೆ.

2018ರಲ್ಲಿ ಈ ಬಾವಲಿಯನ್ನು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆಯಲಾಯಿತು. ಚೇತರಿಸಿಕೊಂಡ ಕಾರಣಕ್ಕೆ ಆ ಪಟ್ಟಿಯಿಂದ ಹೊರಬಂದ ಮೊದಲ ಬಾವಲಿ ಇದು. ಆ ವೇಳೆಗೆ ಸುಮಾರು 75 ನೆಲೆಗಳಲ್ಲಿ ಎರಡು ಲಕ್ಷದಷ್ಟು ಬಾವಲಿಗಳಿದ್ದವೆಂದು ಅಂದಾಜು ಮಾಡಲಾಯಿತು. ಹೆಚ್ಚಿನ ನೆಲೆಗಳು ಪತ್ತೆಯಾದದ್ದೂ ಈ ಅಂಕಿಯಲ್ಲಿ ಸೇರಿದೆ. ಗುಹೆಗಳ ರಕ್ಷಣೆಯೂ ಸೇರಿದೆ. ಯಾರೂ ಸರ್ವಸಂಗಪರಿತ್ಯಾಗ ಮಾಡದೆಯೇ, ಹಲವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟುದರಿಂದ ಇಷ್ಟಾಯಿತು.

ಅಗೇವ್ ಪಾಕದ ಸೀಸೆಯನ್ನು ಮನೆಯಲ್ಲಿಟ್ಟವರು ಅದನ್ನು ಒಡೆಯಬೇಕೇ, ಇನ್ನು ಮುಂದೆ ತರಬಾರದೇ ಎಂಬುದನ್ನು ಅವರವರ ವ್ರತವೇ ನಿರ್ಣಯಿಸಲಿ. ಬೆಲ್ಲವಿರುವ ನಾಡಿನಲ್ಲಿ ಇದು ಬಹಳ ಕಠಿಣವಾದ ತ್ಯಾಗವೇನಲ್ಲ. ಆದರೆ ಜೇನು ಬಿಟ್ಟ ತೃಪ್ತಿಯಲ್ಲಿ ವಿಚಾರಣೆಯನ್ನೇ ಬಿಟ್ಟರೆ ತ್ಯಾಗದ ಅರ್ಧ ಸತ್ವ ಹೋಯಿತು.

ಬಾವಲಿಗಳು ದೂರದ ಮರುಭೂಮಿಯಲ್ಲಿ ಮಾತ್ರ ಇಲ್ಲ. ಈ ನಾಡಿನ ಹಳೆಯ ಬಸದಿಗಳ ಕತ್ತಲ ಮೂಲೆಗಳಲ್ಲೂ ಅವು ನೇತಾಡುತ್ತವೆ. ಜೀರ್ಣೋದ್ಧಾರಕ್ಕೆ ತೊಡಗುವ ಟ್ರಸ್ಟಿನವರಿಗೆ ಅವುಗಳ ಹಿಕ್ಕೆ, ವಾಸನೆಗಳ ತೊಂದರೆ ನಿಜವಾದದ್ದೇ. ದೇವಸನ್ನಿಧಿಯ ಶುದ್ಧಿಯೂ ಮುಖ್ಯವೇ. ಆದರೂ ಹೊಗೆ ಹಾಕುವ ಮುನ್ನ, ಕಿಂಡಿಗಳನ್ನು ಮುಚ್ಚುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲು ಒಂದು ಸಭೆ ಸಾಕು: ಒಳಗೆ ಹಾರಲಾರದ ಮರಿಗಳಿವೆಯೇ? ಇಲ್ಲಿಂದ ಹೊರಟವಕ್ಕೆ ನೆಲೆಯೂ ಆಹಾರವೂ ಬೇರೆಲ್ಲಿವೆ? ಉತ್ತರ ಸಿಗುವವರೆಗೆ ಕೆಲಸವನ್ನು ಒಂದು ಋತು ಮುಂದೂಡಿದರೆ ಬಸದಿಯ ಕಲ್ಲಿಗೆ ಹಾನಿಯಿಲ್ಲ. ಒಳಗೆ ತಾಯಿಗಾಗಿ ಕಾಯುತ್ತಿರುವ ಮರಿಗೆ ಆ ಒಂದು ಋತುವೇ ಆಯುಷ್ಯ.